ಬೆಳಿಗ್ಗೆಯಿಂದ ಕವಳ ಹಾಕಿಲ್ಲ

ಕಳೆದ ವಾರ ರಾತ್ರಿ ಹತ್ತೂವರೆಗೆ ಅಕ್ಕನ ಮಗಳು ಹಾಸ್ಟೆಲ್‌ನಿಂದ ಫೋನ್ ಮಾಡಿದಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಿ ಎರಡು ತಿಂಗಳೂ ತುಂಬಿಲ್ಲ. "ಚಿಕ್ಕಮ್ಮ, ನನ್ನಿಂದ ಆಗುವುದಿಲ್ಲ. ಒಂದು ಸಾಲು ಓದಲು ನಾಲ್ಕು ಸಲ ನಿಘಂಟು ನೋಡಬೇಕು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬರುವುದಿಲ್ಲ. ಅಪ್ಪನಿಗೆ ನೀನೇ ಹೇಳು, ನಾನು ಮನೆಗೆ ಬಂದುಬಿಡುತ್ತೇನೆ" ಎಂದು ಅತ್ತಳು. ಹೊಸನಗರ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹುಡುಗಿ. ಪಿಯುಸಿಯಲ್ಲಿ ಜೀವಶಾಸ್ತ್ರಕ್ಕೆ ಒಳ್ಳೆಯ ಅಂಕ ತೆಗೆದವಳು. ದಡ್ಡಿಯಲ್ಲ.

ಅವಳ ಮಾತು ಕೇಳಿ ಕರುಳು ಚುರುಕ್ ಎಂದಿತು. ಹನ್ನೆರಡು ವರ್ಷಗಳ ಹಿಂದೆ ಹಾಸ್ಟೆಲ್ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ನಾನೂ ಅಮ್ಮನಿಗೆ ಇದನ್ನೇ ಹೇಳಿದ್ದೆ. ಇಂದು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೂ ಹೇಳಲು ಉಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಹಳ್ಳಿಗಳಿಂದ ನರ್ಸಿಂಗ್‌ಗೆ ಹೊರಟ ಮಕ್ಕಳು ಓದಲಿ. ಅವರಿಗಿಂತ ಹೆಚ್ಚಾಗಿ, ಅವರಿಗೆ ಪಾಠ ಹೇಳುವವರು ಓದಲಿ.

ಓದು ಸುಲಭದ್ದೆಂದು ನಾನು ಯಾರಿಗೂ ಹೇಳುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ನರ್ಸಿಂಗ್ ಫೌಂಡೇಶನ್ ಎಲ್ಲವೂ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಮುಂದೆ ಔಷಧಶಾಸ್ತ್ರ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ, ಹೆರಿಗೆ ಮತ್ತು ಬಾಣಂತಿಯ ಆರೈಕೆ. ನಾನು ಓದುವಾಗ ವರ್ಷಕ್ಕೊಮ್ಮೆ ಪರೀಕ್ಷೆ ಇತ್ತು. 2021ರ ಹೊಸ ಪಠ್ಯಕ್ರಮದ ನಂತರ ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರ್, ಕೊನೆಯಲ್ಲಿ ಇಂಟರ್ನ್‌ಶಿಪ್. ಬೋಧನೆ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ. ಇದಕ್ಕೆ ನನ್ನ ತಕರಾರಿಲ್ಲ. ಔಷಧದ ಹೆಸರು, ಪ್ರಮಾಣ, ವೈದ್ಯರ ಟಿಪ್ಪಣಿ ಎಲ್ಲವೂ ಇಂಗ್ಲಿಷಿನಲ್ಲೇ ಇರುವಾಗ ಒಂದಕ್ಷರ ತಪ್ಪಾಗಿ ಓದಿದರೂ ರೋಗಿಯ ಜೀವಕ್ಕೆ ಸಂಚಕಾರ. ಇಂಗ್ಲಿಷ್ ಕಲಿಯಲೇಬೇಕು. ಕಲಿಯುವುದು ಸಾಧ್ಯ ಕೂಡ. ನನಗೆ ಒಂದೂವರೆ ವರ್ಷ ಹಿಡಿಯಿತು.

ನನ್ನ ನೋವು ಬೇರೆ. ಇಂಗ್ಲಿಷ್ ಕಲಿಸುವ ಭರದಲ್ಲಿ ಈ ಮಕ್ಕಳು ಮನೆಯಿಂದ ತಂದ ಭಾಷೆಗೆ ಬೆಲೆಯೇ ಇಲ್ಲವೆಂದು ನಾವು ಅವರನ್ನು ನಂಬಿಸಿಬಿಡುತ್ತೇವೆ.

ಎರಡನೆಯ ವರ್ಷದ ಒಂದು ಸಂಗತಿ ಹೇಳುತ್ತೇನೆ. ವಾರ್ಡ್‌ನಲ್ಲಿ ಒಬ್ಬ ಅಜ್ಜಿಯ ಆರೈಕೆ ಯೋಜನೆ ಬರೆಯುವ ಕೆಲಸ ನನಗೆ ಬಂದಿತ್ತು. ಅದರ ಮೊದಲ ಅಂಕಣ ಸಬ್ಜೆಕ್ಟಿವ್ ಡೇಟಾ, ಅಂದರೆ ರೋಗಿ ತಾನೇ ಬಾಯಿಬಿಟ್ಟು ಹೇಳಿದ್ದು. ಅಲ್ಲಿ ರೋಗಿಯ ಸ್ವಂತ ಮಾತನ್ನೇ ಬರೆಯಬೇಕೆಂದು ನಮ್ಮ ಪಠ್ಯಪುಸ್ತಕವೇ ಹೇಳುತ್ತದೆ. ಅಜ್ಜಿ ಹೇಳಿದ್ದು, "ಎದೆಯಲ್ಲಿ ಒಂಥರಾ ಸಂಕಟ ಮಗಾ, ನೋವಲ್ಲ." ನಾನು ಅದನ್ನು ಕನ್ನಡದಲ್ಲೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ವಿವರಿಸಿದೆ. ನಮ್ಮ ಬೋಧಕರೊಬ್ಬರು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ ಎದೆನೋವು ಎಂದು ಇಂಗ್ಲಿಷಿನಲ್ಲಿ ತಿದ್ದಿದರು. ಆದರೆ ಅಜ್ಜಿ ನೋವಲ್ಲ ಎಂದೇ ಹೇಳಿದ್ದರು! ನಮ್ಮಲ್ಲಿ ಸಂಕಟ ಎಂದರೆ ಓಕರಿಕೆಯೂ ಆದೀತು, ಎದೆ ಹಿಂಡಿದಂತೆ ಆಗುವುದೂ ಆದೀತು, ಉಸಿರು ಸಾಲದ ತಳಮಳವೂ ಆದೀತು. ಯಾವುದೆಂದು ಇನ್ನೆರಡು ಪ್ರಶ್ನೆ ಕೇಳಿಯೇ ತಿಳಿಯಬೇಕು. ಹಾಗೆ ಕೇಳುವುದೇ ನರ್ಸಿಂಗ್‌ನ ಮೊದಲ ಪಾಠ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತ ನೋವೇ ಇಲ್ಲದೆ ಬರಬಹುದು ಎಂದು ಅದೇ ವರ್ಷ ಅದೇ ತರಗತಿಯಲ್ಲಿ ಓದಿದ್ದೆವು. ಆ ಕೆಂಪು ಗೆರೆ ಇಂದಿಗೂ ನನ್ನ ಕಣ್ಣ ಮುಂದಿದೆ.

ಇನ್ನೊಂದು ಮೂರನೆಯ ವರ್ಷದ್ದು. ತುರ್ತು ವಿಭಾಗದಲ್ಲಿ ಪೋಸ್ಟಿಂಗ್. ಮಧ್ಯಾಹ್ನ ಎರಡರ ಹೊತ್ತಿಗೆ ಸುಮಾರು ಐವತ್ತರ ರೈತರೊಬ್ಬರನ್ನು ಕರೆತಂದರು. ತೋಟಕ್ಕೆ ಸೊಪ್ಪು ಕೊಯ್ಯಲು ಹೋದಾಗ ಕಾಲಿಗೆ ಏನೋ ಕಚ್ಚಿದೆ. ಹಾವೋ ಮುಳ್ಳೋ ಅವರಿಗೇ ಖಚಿತವಿಲ್ಲ. ಪಾದದ ಮೇಲೆ ಸ್ವಲ್ಪ ಊತ. ಕೊಳಕುಮಂಡಲ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಡ: ತೊಳೆದ ಸೋಪಿನ ಅಂಶವೂ ಉಳಿಯದ, ಒಣಗಿದ ಗಾಜಿನ ಪ್ರನಾಳದಲ್ಲಿ ಎರಡು ಎಂ.ಎಲ್. ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ನಿಲ್ಲಿಸಬೇಕು. ಪ್ಲಾಸ್ಟಿಕ್ ಆಗದು, ಗಾಜೇ ಬೇಕು. 20 ನಿಮಿಷದ ನಂತರ ಒಮ್ಮೆ ಬಾಗಿಸಿ ನೋಡುವುದು. ಹೆಪ್ಪುಗಟ್ಟಿದ್ದರೆ ಸರಿ, ನೀರಾಗಿ ಹರಿದರೆ ಪ್ರತಿವಿಷ ಬೇಕು. ಪ್ರನಾಳವನ್ನು ಕಾಯುವ ಕೆಲಸವನ್ನು ಹಿರಿಯ ಸಿಸ್ಟರ್ ನನಗೆ ವಹಿಸಿದರು.

ಗಡಿಯಾರ ನೋಡುತ್ತ ಕುಳಿತಿದ್ದೆ. ಪಕ್ಕದಲ್ಲಿ ಅವರ ಹೆಂಡತಿ. ಆತ ಒಮ್ಮೆ ಬಗ್ಗಿ ಬೇಸಿನ್‌ಗೆ ಉಗುಳಿದರು. ಕೆಂಪು. ಹಲ್ಲುಗಳೂ ಕೆಂಪು, ನಮ್ಮ ಕಡೆ ಅದನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ, ಎಲೆ‑ಅಡಿಕೆಯ ಕವಳ ಹಾಕುವ ಬಾಯಿ. ನಾನೂ ಸುಮ್ಮನಿದ್ದೆ. ಒಂದೆರಡು ನಿಮಿಷದ ಮೇಲೆ, ಮಾತಿಗೆಂದು ಕೇಳಿದೆ: "ಅಮ್ಮಾ, ಅಣ್ಣನವರು ಕವಳ ಯಾವಾಗ ಹಾಕಿದ್ದರು?" ಆಕೆ ಹೇಳಿದರು: "ಇವತ್ತು ಸಂಕಷ್ಟಿ ಅಲ್ಲವೇ, ಬೆಳಿಗ್ಗೆಯಿಂದ ಕವಳ ಹಾಕಿಲ್ಲ."

ಎದ್ದು ಓಡಿದೆ. ಸಿಸ್ಟರ್ ಬಂದು ಟಾರ್ಚ್ ಹಿಡಿದು ಬಾಯಿ ತೆರೆಸಿದರೆ ವಸಡಿನುದ್ದಕ್ಕೂ ರಕ್ತ ಜಿನುಗುತ್ತಿತ್ತು. ವೈದ್ಯರು ಕೂಡಲೇ ಬಂದರು. ಅಡ್ರಿನಾಲಿನ್ ಸಿರಿಂಜ್‌ನಲ್ಲಿ ತುಂಬಿ ಸಿದ್ಧವಾಯಿತು, ಏಕೆಂದರೆ ಪ್ರತಿವಿಷವೇ ಕೆಲವರ ಮೈಗೆ ಒಗ್ಗದೆ ಉಸಿರು ಕಟ್ಟಿಸಬಹುದು. ಡ್ರಿಪ್ ಶುರುವಾಯಿತು. ಆಮೇಲೆ ಪ್ರನಾಳ ಬಾಗಿಸಿ ನೋಡಿದಾಗ ರಕ್ತ ನೀರಿನಂತೆಯೇ ಹರಿಯಿತು. ಪರೀಕ್ಷೆ ಹೇಗೂ ಹೇಳುತ್ತಿತ್ತು, ನಿಜ. ಆದರೆ ಹಾವು ಕಚ್ಚಿದವರ ವಿಷಯದಲ್ಲಿ ಹತ್ತು ನಿಮಿಷ ಮೊದಲು ತಿಳಿಯುವುದೂ ಸಣ್ಣ ಮಾತಲ್ಲ. ಆತ ನಡೆದುಕೊಂಡೇ ಮನೆಗೆ ಹೋದರು.

ಕವಳದ ಪ್ರಶ್ನೆ ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಅಜ್ಜ ಕವಳದ ತಟ್ಟೆ ಮುಂದಿಟ್ಟುಕೊಂಡು ಕೂರುತ್ತಿದ್ದರು. ಅಲ್ಲಿಂದ ಬಂದ ಪ್ರಶ್ನೆ ಅದು.

ಮಂಗನ ಕಾಯಿಲೆಯದೂ ಇದೇ ಕಥೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿ, ಆ ಕಾಡಿನ ಹೆಸರನ್ನೇ ಹೊತ್ತು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿದ ಕಾಯಿಲೆ ಇದು. ನಮ್ಮ ನೆಲದ್ದು. ಹರಡುವುದು ಉಣುಗು, ಅಂದರೆ ಕಾಡಿನ ಉಣ್ಣೆ, ಕಚ್ಚುವುದರಿಂದ. ಚಳಿಗಾಲ ಕಳೆಯುತ್ತಲೇ ಜ್ವರ, ತಡೆಯಲಾಗದ ಮೈಕೈ ನೋವು ಎಂದು ಬಂದವರನ್ನು "ಕಾಡಿಗೆ ಹೋಗಿದ್ದಿರಾ?" ಎಂದು ಕೇಳಿದರೆ ಅರ್ಧ ಜನ ಇಲ್ಲ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಮನೆ ಹಿಂದಿನ ಬೆಟ್ಟ ಕಾಡಲ್ಲ. "ದರಗು ಗುಡಿಸಲು ಹೋಗಿದ್ದಿರಾ? ದನ ಹೊಡೆದುಕೊಂಡು ಹೋಗಿದ್ದಿರಾ? ಮೈಮೇಲೆ ಉಣುಗು ಹತ್ತಿತ್ತಾ? ಆ ಕಡೆ ಮಂಗ ಸತ್ತಿದ್ದು ಕಂಡಿತ್ತಾ?" ಎಂದು ಕೇಳಬೇಕು. ಆಗ ಉತ್ತರ ತಾನಾಗಿ ಬರುತ್ತದೆ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಈ ಕಾಯಿಲೆಯಿಂದ ತತ್ತರಿಸಿದ್ದನ್ನು ನಾವ್ಯಾರೂ ಮರೆತಿಲ್ಲ. ಮತ್ತೆ ಅಂಥ ದಿನ ಬಂದರೆ ಈ ಪ್ರಶ್ನೆಗಳನ್ನು ಕೇಳುವವರು ಯಾರು? ಇಂದು ಹಾಸ್ಟೆಲ್‌ನಲ್ಲಿ ಅಳುತ್ತಿರುವ ಈ ಹುಡುಗಿಯರೇ.

ನನ್ನ ಕೊಠಡಿಯಲ್ಲಿ ಕೊಟ್ಟಾಯಂ ಕಡೆಯ ಹುಡುಗಿಯೊಬ್ಬಳಿದ್ದಳು. ಅವಳು ನನಗೆ ಇಂಗ್ಲಿಷ್ ವಾಕ್ಯ ತಿದ್ದುತ್ತಿದ್ದಳು, ನಾನು ಅವಳಿಗೆ ರೋಗಿಗಳ ಕನ್ನಡ ಹೇಳಿಕೊಡುತ್ತಿದ್ದೆ. "ಉಚ್ಚೆ ಉರಿಯುತ್ತದೆಯಾ, ಕಟ್ಟಿದೆಯಾ?" ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಳು. ರೋಗಿಯ ಭಾಷೆ ಬಾರದೆ ಕೆಲಸ ಮಾಡಲಾಗದು ಎಂದು ಅವಳಿಗೆ ಮೊದಲ ವಾರದಲ್ಲೇ ಹೊಳೆದಿತ್ತು. ಆ ಭಾಷೆ ಹುಟ್ಟಿನಿಂದಲೇ ಬಂದಿದ್ದ ನಾನು ಮಾತ್ರ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೆ.

ಆದ್ದರಿಂದ ಕಾಲೇಜುಗಳಿಗೆ ನನ್ನ ಬೇಡಿಕೆ ಸ್ಪಷ್ಟ. ಆರೈಕೆ ಯೋಜನೆಯಲ್ಲಿ ರೋಗಿಯ ಮಾತನ್ನು ಅವರು ಆಡಿದ ಹಾಗೆಯೇ ಕನ್ನಡದಲ್ಲಿ ಬರೆಯಲು ಬಿಡಿ, ಕೆಳಗೆ ಇಂಗ್ಲಿಷ್ ಇರಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ರೋಗಿಯನ್ನು ಮಾತನಾಡಿಸುವುದನ್ನು ಪಕ್ಕದಲ್ಲಿ ನಿಂತು ಕೇಳಿ, ಅದಕ್ಕೂ ಅಂಕ ಕೊಡಿ. ಮೊದಲ ಆರು ತಿಂಗಳು ಕನ್ನಡದಲ್ಲೂ ಪ್ರಶ್ನೆ ಕೇಳಲು ಅವಕಾಶವಿರಲಿ. ಕನ್ನಡ ಮಾಧ್ಯಮದ ಮಗು ಎಲ್ಲರೆದುರು ತಡವರಿಸಿದರೆ ದಯವಿಟ್ಟು ನಗಬೇಡಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ.

ತಂದೆತಾಯಿಗಳಿಗೆ ಒಂದೇ ಮಾತು. ಸೇರಿಸುವ ಮೊದಲು ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೀವೇ ನೋಡಿ, ಏಜೆಂಟರ ಬಾಯಿಮಾತು ನಂಬಬೇಡಿ. ಪದವಿ ಮುಗಿದ ಮೇಲೆ ರಾಜ್ಯದ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದಾಗಲೇ ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ ಎಂಬ ಪ್ರಮಾಣಪತ್ರ ಸಿಗುವುದು. ಅದಿಲ್ಲದೆ ಪದವಿ ಬರಿಯ ಕಾಗದ.

ಆ ರಾತ್ರಿ ಅವಳನ್ನು ಸಮಾಧಾನಪಡಿಸಲು ಒಂದು ಲೆಕ್ಕ ಕೊಟ್ಟೆ: 500 ಎಂ.ಎಲ್. ದ್ರವ 8 ಗಂಟೆಯಲ್ಲಿ ಹೋಗಬೇಕು, 20 ಹನಿಗೆ ಒಂದು ಎಂ.ಎಲ್., ನಿಮಿಷಕ್ಕೆ ಎಷ್ಟು ಹನಿ? ಮೂಗು ಒರೆಸಿಕೊಳ್ಳುತ್ತಲೇ "ಇಪ್ಪತ್ತೊಂದು" ಎಂದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಲೆಕ್ಕ ಬರುತ್ತದೆ, ಕನ್ನಡ ಬರುತ್ತದೆ, ಉಳಿದದ್ದು ಇಂಗ್ಲಿಷ್ ಒಂದೇ ಎಂದೆ.

ಭಾನುವಾರ ಊರಿಗೆ ಬಂದಿದ್ದಳು. ಇಬ್ಬರೂ ಸೇರಿ ಇನ್ನೂರು ಪುಟದ ನೋಟ್‌ಬುಕ್ ಶುರುಮಾಡಿದ್ದೇವೆ. ಎಡಪುಟದಲ್ಲಿ ಪಠ್ಯದ ಇಂಗ್ಲಿಷ್ ಪದ, ಬಲಪುಟದಲ್ಲಿ ನಮ್ಮ ಜನ ಅದನ್ನು ಹೇಳುವ ಬಗೆ. ಉಸಿರಾಟದ ತೊಂದರೆಗೇ ಏದುಸಿರು, ಉಬ್ಬಸ, ದಮ್ಮು, ಎದೆ ಕಟ್ಟುವುದು ಎಂದು ನಾಲ್ಕು ಸಿಕ್ಕವು. ಅಮ್ಮ ಅಡುಗೆಮನೆಯಿಂದಲೇ ಐದನೆಯದು ಕೂಗಿ ಹೇಳಿದರು: "ಗೂರಲು ಬರೆದುಕೊಂಡಿರಾ?" ನಿಮ್ಮ ಮನೆಯ ಹಿರಿಯರು ಮೈಯ ನೋವು, ಜ್ವರ, ಸುಸ್ತು, ತಲೆಸುತ್ತುಗಳಿಗೆ ಬಳಸುವ ಮಾತುಗಳಿದ್ದರೆ ಊರಿನ ಹೆಸರಿನೊಂದಿಗೆ ಇಲ್ಲಿ ಬರೆಯಿರಿ. ಬಲಪುಟದಲ್ಲಿ ಇನ್ನೂ ಬಹಳ ಜಾಗವಿದೆ.