ಸತ್ತ ಕುದುರೆಗಳು ಮತ್ತು ನಮ್ಮ ಮಾವ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಹೊತ್ತಲ್ಲದ ಹೊತ್ತು. ಯಾರಿಗೆ ಏನಾಯಿತೋ ಅಂತ ಗಾಬರಿಯಿಂದ ಎತ್ತಿದೆ. ಆ ಕಡೆ ನಮ್ಮ ಮಾವ, ಅಂದರೆ ಅಕ್ಕನ ಗಂಡ. ಬಹಳ ಸಮಾಧಾನವಾಗಿ ಕೇಳಿದರು, "ಅಳಿಯಾ, ಇಪ್ಪತ್ತೈದು ಬ್ಯಾಡಂದ್ರ ಬಿಡು. ನಲವತ್ತು ಹೆಂಗ?"

ನಲವತ್ತು ಅಂದರೆ ನಲವತ್ತು ಹಾರ್ಸ್‌ಪವರ್. ಯಾವುದಕ್ಕೆ? ಬಾಳೆಗೊನೆ ಹೊರುವ ನಮ್ಮ ದೋಣಿಗೆ. ನಾನು ಮಾತಾಡದೆ ಫೋನ್ ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆನೆಗೊಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ ನಮಗೂ ಮಾವನಿಗೂ ಪಾಲಿನಲ್ಲಿ ಒಂದಿಷ್ಟು ಬಾಳೆ ತೋಟ ಇದೆ. ದಂಡೆಯಲ್ಲಿ ನಿಂತರೆ ಕಣ್ಣೆದುರಿಗೇ ಕಾಣುತ್ತದೆ. ಕೂಗಿದರೆ ಕೇಳುತ್ತದೆ. ಆದರೆ ನಡೆದು ಹೋಗೋಕಾಗಲ್ಲ. ತಾತನ ಕಾಲದಿಂದ ಹರಿಗೋಲೇ ಗತಿ. ನಾಲ್ಕು ವರ್ಷದ ಹಿಂದೆ ಮಾವ ಕರಾವಳಿ ಕಡೆಯಿಂದ ಹಳೇ ಫೈಬರ್ ದೋಣಿಯೊಂದನ್ನು ಲಾರಿ ಮೇಲೆ ಮಲಗಿಸಿಕೊಂಡು ತಂದರು. ಹಿಂದುಗಡೆ ನೇತು ಹಾಕೋ ಔಟ್‌ಬೋರ್ಡ್ ಇಂಜಿನ್ನೂ ಜೊತೆಗಿತ್ತು. ಅರ್ಧ ದುಡ್ಡು ನನ್ನದು. ಕಾಯಿ ಒಡೆದು, ಪ್ರೊಪೆಲ್ಲರ್‌ಗೆ ಲಿಂಬೆಹಣ್ಣು ಕಟ್ಟಿ ಪೂಜೆ ಮಾಡಿಸಿದೆವು. ಮೊದಲ ಸುತ್ತಿಗೇ ಲಿಂಬೆಹಣ್ಣು ಪೂಜಾರಿಯ ಕಿವಿ ಪಕ್ಕ ಹಾರಿಹೋಯಿತು. ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ಇಂಜಿನ್ 9.9 ಹಾರ್ಸ್‌ಪವರಿನದು. ಹತ್ತು ಯಾಕಲ್ಲ ಅಂತ ಎಲ್ಲರೂ ಕೇಳುತ್ತಾರೆ. ಕೆಲವು ದೇಶಗಳಲ್ಲಿ ಹತ್ತು ಕುದುರೆ ದಾಟಿದರೆ ಲೈಸೆನ್ಸು, ಗಿಯಿಸೆನ್ಸು ಅಂತ ಕಾಟ ಇದೆಯಂತೆ. ಅದಕ್ಕೆ ಒಂದು ಕುದುರೆಯ ಬಾಲ ಕತ್ತರಿಸಿ ಮಾರುತ್ತಾರೆ, ಚಪ್ಪಲಿ ಅಂಗಡಿಯ 99 ರೂಪಾಯಿ ಥರ. ನಮ್ಮದಂತೂ ಹಳೇ ಇಂಜಿನ್. ಮೇಲೆ ಬರೆದದ್ದು 9.9, ಒಳಗೆ ಎಷ್ಟು ಕುದುರೆ ಉಸಿರಾಡುತ್ತಿದ್ದವೋ ದೇವರಿಗೇ ಗೊತ್ತು. ನಮ್ಮ ತುಂಗಭದ್ರಾ ಡ್ಯಾಮೂ ಹಾಗೇ ಅಲ್ವಾ? ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ ನೀರು. ಹೂಳು ತುಂಬಿ ಈಗ 105 ಚಿಲ್ಲರೆ.

ಹೋದ ತಿಂಗಳು ಆ ಅಳಿದುಳಿದ ಕುದುರೆಗಳೂ ಸತ್ತವು.

ಈ ಇಂಜಿನ್ ತನ್ನನ್ನು ತಾನು ತಣ್ಣಗೆ ಇಟ್ಟುಕೊಳ್ಳೋದು ಹೊಳೆ ನೀರಿನಿಂದಲೇ. ಕೆಳಗಿನಿಂದ ನೀರು ಎಳೆದು, ಮೈಯೆಲ್ಲ ಸುತ್ತಿಸಿ, ಹಿಂದಿನಿಂದ ಸಣ್ಣ ಧಾರೆಯಾಗಿ ಹೊರಗೆ ಬಿಡುತ್ತದೆ. ಅದಕ್ಕೇನೋ ಇಂಗ್ಲಿಷ್ ಹೆಸರಿದೆ. ನಮ್ಮಲ್ಲಿ ಎಲ್ಲರೂ ಕರೆಯೋದು ಉಚ್ಚೆ ಅಂತಲೇ. ಧಾರೆ ಬರುತ್ತಿದ್ದರೆ ಇಂಜಿನ್ ಆರೋಗ್ಯ. ನಿಂತರೆ ಆ ಕ್ಷಣವೇ ಆಫ್ ಮಾಡಬೇಕು. ನೀರು ಎಳೆಯೋಕೆ ಒಳಗೆ ಒಂದು ರಬ್ಬರ್ ಫ್ಯಾನ್ ಇರುತ್ತದೆ, ಅಂಗೈಯಷ್ಟೂ ಇಲ್ಲ. ಹೊಳೆಯ ಮರಳು ಅದನ್ನು ಅರೆದು ಅರೆದು ಸವೆಸುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಸವೆದಿದ್ದರೆ ಬದಲಾಯಿಸಬೇಕು. ನಾಲ್ಕು ವರ್ಷದಲ್ಲಿ ನಾವು ಅದರ ಮುಖ ನೋಡಿರಲಿಲ್ಲ. ಅವತ್ತು ಧಾರೆ ಯಾವಾಗ ನಿಂತಿತೋ ಗೊತ್ತಿಲ್ಲ. ನಾವಿಬ್ಬರೂ ಬಾಳೆ ರೇಟಿನ ಬಗ್ಗೆ ಜಗಳ ಮಾಡುತ್ತಿದ್ದೆವು. ಸುಟ್ಟ ವಾಸನೆ ಬಂತು. ಅಕ್ಕ ದಂಡೆಯಲ್ಲಿ ರೊಟ್ಟಿ ಸೀಸಿದಳು ಅಂದರು ಮಾವ. ಆಮೇಲೆ ಕಿರ್ರ್ ಅಂತ ಒಂದು ಸದ್ದು. ಅಷ್ಟೇ.

ನಾಲ್ಕು ವರ್ಷದಲ್ಲಿ ಮೊದಲ ಸಲ ಹೊಳೆಯ ನಡುವೆ ಹೊಳೆಯದೇ ಸದ್ದು ಕೇಳಿಸಿತು. ಬಂಡೆಗೆ ನೀರು ತಾಗಿ ಚಳ್ ಚಳ್ ಅನ್ನೋದು. ತಾತನ ಜೊತೆ ಹರಿಗೋಲಿನ ತಳದಲ್ಲಿ ಗೊನೆಗಳ ಮಧ್ಯೆ ಮಲಗಿ ಆಕಾಶ ಗಿರ್ರನೆ ತಿರುಗೋದನ್ನು ನೋಡುತ್ತಿದ್ದೆ. ಆಗ ಈ ಸದ್ದು ಕಿವಿ ಪಕ್ಕದಲ್ಲೇ ಇರುತ್ತಿತ್ತು. ಯಾವಾಗ ಮರೆತೆನೋ ಗೊತ್ತಾಗಲೇ ಇಲ್ಲ. ಮಾವನೂ ಸುಮ್ಮನಿದ್ದರು. ಬಹುಶಃ ದುಡ್ಡಿನ ಲೆಕ್ಕ ಹಾಕುತ್ತಿದ್ದರು.

ಕೊನೆಗೆ ಅಂಬಿಗರ ಅಜ್ಜ ಹರಿಗೋಲು ತಂದು ಹಗ್ಗ ಕಟ್ಟಿದ. ಹರಿಗೋಲು ನೆಟ್ಟಗೆ ಹೋಗೋ ಪ್ರಾಣಿಯಲ್ಲ. ಅದು ಸುತ್ತಿತು, ಹಗ್ಗ ಸುತ್ತಿಕೊಂಡಿತು, ಹಿಂದೆ ನಮ್ಮ ಫೈಬರ್ ದೋಣಿ ಕುಡುಕನ ಥರ ಓಲಾಡುತ್ತಾ ಹೊರಟಿತು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಈ ಬುಟ್ಟಿ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಸುತ್ತುತ್ತಲೇ ಹೋಗುತ್ತವೆ, 15-20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆಗಳನ್ನೂ ದಾಟಿಸುತ್ತಾರೆ ಅಂತ. ಐನೂರು ವರ್ಷವಾದ ಮೇಲೆ ಅದೇ ಬುಟ್ಟಿ ನಮ್ಮ 9.9 ಸತ್ತ ಕುದುರೆಗಳನ್ನು ದಾಟಿಸಿತು.

ದಂಡೆಗೆ ಬಂದ ಮೇಲೆ ಅಜ್ಜ ಕೇಳಿದ, "ಎಷ್ಟು ಕುದುರಿದ್ರೀ ಇದು?"

"ಒಂಬತ್ತು ಪಾಯಿಂಟ್ ಒಂಬತ್ತು," ಅಂದರು ಮಾವ.

"ಹುಲ್ಲು ಹಾಕಿರಲಿಲ್ಲೇನು?"

ಔಟ್‌ಬೋರ್ಡ್ ರಿಪೇರಿ ಮಾಡೋರು ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಗಂಗಾವತಿಯ ಪಂಪ್‌ಸೆಟ್ ಮಿಸ್ತ್ರಿಯ ಹತ್ತಿರ ಒಯ್ದೆವು. ಅವನು ಬಿಚ್ಚಿ, ಇಣುಕಿ, ಪಿಸ್ಟನ್ ಸೀಜ್ ಆಗಿದೆ, ಸಿಲಿಂಡರ್‌ಗೆ ಗೀರು ಬಿದ್ದಿವೆ, ಬೋರ್ ಹೊಡೆಸಬೇಕು, ಸಾಮಾನು ಹೊರಗಿನಿಂದ ತರಿಸಬೇಕು ಅಂದ. ಹಳೇ ಇಂಜಿನ್ನಿಗೆ ಅಷ್ಟು ಸುರಿಯೋದಕ್ಕಿಂತ ಅಷ್ಟೇ ಶಕ್ತಿಯ ಇನ್ನೊಂದು ತರೋಣ ಅಂದೆ ನಾನು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ "ಅಷ್ಟೇ" ಅನ್ನೋ ಪದ ಮಾವನ ಕಿವಿಗೆ ಬಿದ್ದರೆ ಬೈಗುಳ ಕೇಳಿದಂತೆ ಮುಖ ಮಾಡುತ್ತಾರೆ.

ಮಾವನ ಜೀವನದಲ್ಲಿ ಕೆಟ್ಟದ್ದು ಯಾವುದೂ ಅದೇ ಅಳತೆಯಲ್ಲಿ ವಾಪಸ್ ಬಂದಿಲ್ಲ. ಮಿಕ್ಸಿ ಸುಟ್ಟಾಗ ಹೋಟೆಲಿನವರು ಇಟ್ಟುಕೊಳ್ಳೋ ಮಿಕ್ಸಿ ತಂದರು. ಒಂದು ಹಿಡಿ ಶೇಂಗಾ ಹಾಕಿದರೆ ಚಟ್ನಿ ಗೋಡೆಗೆ ಹೋಗುತ್ತಿತ್ತು. ಟಿವಿ ಕೆಟ್ಟಾಗ ಬಂದದ್ದು ಎಷ್ಟು ದೊಡ್ಡದೆಂದರೆ, ನೋಡೋಕೆ ಅಂಗಳದಲ್ಲಿ ಕುಂದರಬೇಕು. ಮನೆ ಬೋರ್‌ವೆಲ್ಲಿನ ಒಂದು ಹೆಚ್‌ಪಿ ಮೋಟಾರು ಹೋದಾಗ ಐದು ಹೆಚ್‌ಪಿ ಇಳಿಸಿದರು. ಅದು ಶುರುವಾದರೆ ಇಡೀ ಓಣಿಯ ಬಲ್ಬು ಮಂಕಾಗುತ್ತವೆ. ನೀರು ಹತ್ತು ನಿಮಿಷ ಧೋ ಅಂತ ಬಂದು ಬೋರು ಬರಿದಾಗುತ್ತದೆ. ಕೇಳಿದರೆ, "ತಗೊಂಡ್ರ ದೊಡ್ಡದ ತಗೋಬೇಕು ಅಳಿಯಾ, ನಾಳೆ ಬೇಕಾಗ್ತೈತಿ." ಆ ನಾಳೆ ಇನ್ನೂ ಬಂದಿಲ್ಲ. ಅದಕ್ಕೆ ಬೇಕಾದ ಸಾಮಾನೆಲ್ಲ ಅಕ್ಕನ ಅಟ್ಟದ ಮೇಲೆ ಕಾಯುತ್ತಿದೆ.

ನಾನು ತಿಳಿಸಿ ಹೇಳಿದೆ. ಕುದುರೆ ಎರಡರಷ್ಟಾದರೆ ವೇಗ ಎರಡರಷ್ಟಾಗಲ್ಲ. ಗೊನೆ ತುಂಬಿದ ದೋಣಿಗೆ ದೊಡ್ಡ ಇಂಜಿನ್ ಹಾಕಿದರೆ ಹಿಂಭಾಗ ಕೂರುತ್ತದೆ, ಮೂತಿ ಆಕಾಶ ನೋಡುತ್ತದೆ. ಇಂಜಿನ್ ಬಿಗಿಯೋ ಹಿಂದಿನ ಹಲಗೆ ತಡೆಯಬೇಕಲ್ಲ? ಮಾವ ಎಲ್ಲೋ ನೋಡಿಟ್ಟಿದ್ದ 25 ಹೆಚ್‌ಪಿಯ ಕಾಲು, ಅಂದರೆ ನೀರಿಗೆ ಇಳಿಯೋ ಭಾಗ, ಬೇರೆ ಉದ್ದ. ನಮ್ಮದು 15 ಇಂಚಿನದು, ಅದು 20 ಇಂಚಿನದು. ಪ್ರೊಪೆಲ್ಲರ್ ಐದಿಂಚು ಆಳಕ್ಕೆ ಇಳಿದರೆ ಬೇಸಿಗೆಯಲ್ಲಿ ತುಂಗಭದ್ರೆಯ ಬಂಡೆಗಳು ಬಿಡುತ್ತವಾ? ಅಷ್ಟಕ್ಕೂ ಚಹಾ ಆರೋದ್ರೊಳಗೆ ತಲುಪೋ ನಡುಗಡ್ಡೆಗೆ ಇಷ್ಟೆಲ್ಲ ಯಾಕೆ?

ಮಾವ ಪೂರ್ತಿ ಕೇಳಿಸಿಕೊಂಡು ಅಂದರು, "ಡ್ಯಾಮಿಂದು ನೋಡು. ಹತ್ತೊಂಬತ್ತನೇ ಗೇಟ್ ಒಂದ ಕಿತ್ಕೊಂಡು ಹೋತು. ಮೂವತ್ಮೂರೂ ಬದಲ್ ಮಾಡಬೇಕಂತ ಹೇಳಿದ್ರಿಲ್ಲೋ?"

2024ರ ಆಗಸ್ಟ್‌ನಲ್ಲಿ ಆ ಗೇಟು ಹೋದ ರಾತ್ರಿ ನಮ್ಮ ಸೀಮೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಅದನ್ನು ತಂದು ಇಲ್ಲಿ ಅಂಟಿಸಿದರೆ ಏನು ಹೇಳೋದು? "ಗೇಟು ಬದಲಾಯಿಸ್ತಾರ ಮಾವ, ಡ್ಯಾಮ್ ಎತ್ತರ ಮಾಡಂಗಿಲ್ಲ," ಅಂದೆ. ಅದು ಅವರ ತಲೆಗೆ ಹೋಗಲಿಲ್ಲ.

ದೋಣಿಗೆ ಎಷ್ಟು ಹೆಚ್‌ಪಿ ತನಕ ಹಾಕಬಹುದು ಅಂತ ಕಟ್ಟಿದವರೇ ಹಿಂದುಗಡೆ ಬರೆದಿರುತ್ತಾರೆ, ಅದನ್ನಾದರೂ ನೋಡೋಣ ಅಂತ ಹೋದೆ. ಆ ಜಾಗದಲ್ಲಿ ಮಾವ ಕೆಂಪು ಬಣ್ಣದಲ್ಲಿ "ಶ್ರೀ ಹುಲಿಗೆಮ್ಮ ಪ್ರಸನ್ನ" ಅಂತ ಬರೆಸಿದ್ದಾರೆ. ಅಮ್ಮನ ಹೆಸರು ಕೆರೆದು ಕೆಳಗೇನಿದೆ ನೋಡೋ ಧೈರ್ಯ ಯಾರಿಗಿದೆ?

ಹೋದ ಭಾನುವಾರ ಅಕ್ಕನ ಮನೆಗೆ ಹೋದರೆ 25 ಹೆಚ್‌ಪಿ ಅಂಗಳದಲ್ಲಿ ಕೂತಿತ್ತು. ಸೆಕೆಂಡ್‌ಹ್ಯಾಂಡು. "ಸುಮ್ನೆ ಟ್ರಯಲ್‌ಗೆ ತಂದೀನಿ," ಅಂದರು ಮಾವ. ನೀರಿಲ್ಲದೆ ಇದನ್ನು ಓಡಿಸೋ ಹಾಗಿಲ್ಲ. ಹೊಳೆ ತನಕ ಹೊರೋಕೆ ಆಳಿಲ್ಲ. ಎದುರಿಗೆ ಎಮ್ಮೆಯ ಸಿಮೆಂಟ್ ತೊಟ್ಟಿ ತುಂಬಿ ತುಳುಕುತ್ತಿತ್ತು. ಅಂಚಿಗೆ ಹಲಗೆ ಕಟ್ಟಿ, ಇಂಜಿನ್ ಬಿಗಿದೆವು. ಪೆಟ್ರೋಲ್ ಲೀಟರಿಗೆ 20 ಎಂಎಲ್ ಎಣ್ಣೆ ಬೆರೆಸಿದರೆ ಸಾಕು. ಮಾವನ ಕೈ ಗೊತ್ತಲ್ಲ. ಹಗ್ಗ ಎಳೆದದ್ದೇ ಹೊಗೆ ಓಣಿ ತುಂಬಿತು. ಸೊಳ್ಳೆ ಹೊಗೆ ಹೊಡೆಯೋರು ಬಂದರು ಅಂತ ಹುಡುಗರೆಲ್ಲ ಕುಣಿಯುತ್ತಾ ಬಂದರು.

ಹಳೇ ಇಂಜಿನ್ ಸತ್ತಾಗಿನಿಂದ ಮಾವನಿಗೆ ಧಾರೆಯದೇ ಧ್ಯಾನ. ಹೊಗೆಯೊಳಗೆ ಕುಕ್ಕರುಗಾಲಲ್ಲಿ ಕೂತು, ಇಂಜಿನ್ನಿನ ಹಿಂಭಾಗಕ್ಕೆ ಮುಖ ಹಿಡಿದು, ಮಗುವನ್ನು ಪುಸಲಾಯಿಸುವ ಹಾಗೆ "ಹೊಯ್ಯಪ್ಪ, ಹೊಯ್ಯಿ... ಸ್ಸ್ಸ್ಸ್..." ಅನ್ನುತ್ತಿದ್ದರು. ಓಣಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಧಾರೆ ಬಂತು. ನೇರವಾಗಿ ಮಾವನ ಕನ್ನಡಕದ ಮೇಲೆ. "ಹೊಯ್ತು! ಅಳಿಯಾ, ಹೊಯ್ತು!" ಅಂತ ಎದ್ದು ಕೂಗಿದರು. ಮೊಮ್ಮಗ ಹುಟ್ಟಿದಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾವ ಆ ಖುಷಿಯಲ್ಲಿ ಗೇರ್ ಹಾಕಿದರು.

ತೊಟ್ಟಿಯ ನೀರು ಒಂದೇ ಸಲಕ್ಕೆ ಎದ್ದು ನಿಂತ ಹಾಗಾಯಿತು. ಅರ್ಧ ನಮ್ಮ ಮೇಲೆ, ಕಾಲು ಭಾಗ ಒಣಗಲು ಹರವಿದ್ದ ಹಪ್ಪಳದ ಮೇಲೆ, ಉಳಿದದ್ದು ಪಕ್ಕದ ಮನೆಯವರ ಕಟ್ಟೆ ಮೇಲೆ. ಎಮ್ಮೆ ಗೂಟ ಕಿತ್ತುಕೊಂಡು ಓಣಿ ದಾಟಿತು. ನಾನು ಸ್ಟಾಪ್ ಬಟನ್ ಒತ್ತಿದಾಗ ತೊಟ್ಟಿಯ ತಳದಲ್ಲಿ ಪಾಚಿ ಮಾತ್ರ ಉಳಿದಿತ್ತು.

ಅಕ್ಕ ಹೊರಗೆ ಬಂದಳು. ಹಪ್ಪಳ ನೋಡಿದಳು, ತೊಟ್ಟಿ ನೋಡಿದಳು, ನಮ್ಮನ್ನು ನೋಡಿದಳು.

"ಎಮ್ಮಿ ಏನ್ ಕುಡೀಬೇಕು?"

"ಮೋಟ್ರು ಹಚ್ಚು, ಹತ್ತು ನಿಮಿಷದಾಗ ತುಂಬ್ತೈತಿ," ಅಂದರು ಮಾವ ಕನ್ನಡಕ ಒರೆಸುತ್ತಾ.

"ನಿಮ್ಮ ಐದು ಹೆಚ್‌ಪಿ ಸುಟ್ಟು ಮೂರು ದಿನ ಆತು. ಆ ತೊಟ್ಟಿ ನಾ ಬೆಳಿಗ್ಗೆ ಕೊಡದಿಂದ ತುಂಬ್ಸಿದ್ದು."

ಓಣಿಯ ಕೊನೆಯ ನಲ್ಲಿಯಿಂದ ಇಬ್ಬರೂ ಕೊಡ ಹೊತ್ತೆವು. ಅಂಗಿ ತೊಯ್ದು ಮೈಗೆ ಅಂಟಿತ್ತು. ಹುಡುಗರು ಪ್ರತಿ ಸಲವೂ "ಹೊಯ್ತಾ? ಹೊಯ್ತಾ?" ಅಂತ ಕೇಳುತ್ತಿದ್ದರು. ಎಂಟನೆಯದೋ ಒಂಬತ್ತನೆಯದೋ ಕೊಡ ಇರಬೇಕು, ಮಾವ ನಡುದಾರಿಯಲ್ಲಿ ನಿಂತು ಏದುಸಿರು ಬಿಡುತ್ತಾ ಕೈಯಲ್ಲಿದ್ದ ಕೊಡವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಳಿಯಾ, ಈ ಕೊಡ ಸಣ್ಣದಾತು ಅಲ್ಲೇನು?"