ಹಳೆ ಗಿಲ್ಡ್ ಮನೆಗೆ ಹೊಸ ಒಕ್ಕಲು: ಪರ-ವಿರೋಧ

ಹಳೆಯ ಪುರಭವನಗಳನ್ನು, ಗಿಲ್ಡ್ ಅಂದರೆ ಕಸುಬುದಾರರ ಸಂಘಗಳ ಕಟ್ಟಡಗಳನ್ನು, ಹೋಟೆಲ್ಲು-ಅಂಗಡಿಗಳಿಗೆ ಬಿಟ್ಟುಕೊಡಬಹುದೇ?

ಪರ: ಬೀಗ ಜಡಿಯುವುದಕ್ಕಿಂತ ವಾಸಿ

ಆಮ್‌ಸ್ಟರ್‌ಡ್ಯಾಮಿನ ವಾಖ್ ಕಟ್ಟಡವನ್ನೇ ನೋಡಿ. 15ನೇ ಶತಮಾನದಲ್ಲಿ ಅದು ಊರ ಕೋಟೆಯ ಬಾಗಿಲು. ಊರು ಗೋಡೆ ದಾಟಿ ಬೆಳೆಯಿತು, ಬಾಗಿಲಿಗೆ ಕೆಲಸ ತಪ್ಪಿತು. 1617ರಲ್ಲಿ ಅದನ್ನು ಸರಕು ತೂಗುವ ಮನೆ ಮಾಡಿದರು. ಮಹಡಿಯಲ್ಲಿ ಕಮ್ಮಾರರು, ಗಾರೆಯವರು, ಚಿತ್ರಕಾರರು, ಶಸ್ತ್ರವೈದ್ಯರು ಸೇರಿಕೊಂಡರು. ಒಂದೊಂದು ಗಿಲ್ಡ್‌ಗೂ ಬೇರೆ ಬೇರೆ ಬಾಗಿಲು! ಡಾ. ಟುಲ್ಪ್ ಶವ ಕೊಯ್ದು ಪಾಠ ಹೇಳುವ ಚಿತ್ರವನ್ನು 1632ರಲ್ಲಿ ರೆಂಬ್ರಾಂಟ್ ಬರೆದದ್ದು ಇದೇ ಶಸ್ತ್ರವೈದ್ಯರಿಗಾಗಿ. ಮುಂದೆ ಅಲ್ಲಿ ಅಗ್ನಿಶಾಮಕ ಠಾಣೆ ಬಂತು, ಮ್ಯೂಸಿಯಂ ಬಂತು. ಈಗ ಕೆಳಗಡೆ ರೆಸ್ಟೋರೆಂಟ್ ಇದೆ.

ಇದರಲ್ಲಿ ಅಸಲಿ ಬಳಕೆ ಯಾವುದು ಹೇಳಿ ನೋಡೋಣ. ತೂಕದ ಮನೆಯೇ ಬೇಕು ಅಂದರೆ ಕೋಟೆ ಬಾಗಿಲಿನವರು ಬಿಟ್ಟಾರೆಯೇ?

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಪೀಸ್ ಹಾಲ್ ಇದೆ. ಕೈಮಗ್ಗದ ಬಟ್ಟೆ ಮಾರಲೆಂದೇ 1779ರಲ್ಲಿ ತೆರೆದದ್ದು, 315 ಕೋಣೆ. ಯಂತ್ರದ ಗಿರಣಿಗಳು ಬಂದು ಆ ವ್ಯಾಪಾರವನ್ನು ನುಂಗಿದವು. ಮುಂದೆ ಸುಮಾರು ನೂರು ವರ್ಷ ಅಲ್ಲಿ ತರಕಾರಿಯ ಸಗಟು ಮಾರುಕಟ್ಟೆ ನಡೆಯಿತು. ಆ ತರಕಾರಿಯೇ ಕಟ್ಟಡವನ್ನು ಉಳಿಸಿತು ಅಂತ ನನಗನ್ನಿಸುತ್ತದೆ. ಜನ ಓಡಾಡುವ ಮನೆಯಲ್ಲಿ ಮಾಡು ಸೋರಿದರೆ ಯಾರಾದರೂ ಕೂಗುತ್ತಾರೆ. ಖಾಲಿ ಮನೆಯಲ್ಲಿ ನೀರು ಸುಮ್ನೆ ಇಳಿಯುತ್ತಲೇ ಇರುತ್ತದೆ.

ಲೈಪ್ಜಿಗ್‌ನಲ್ಲಂತೂ ಬಟ್ಟೆ ವರ್ತಕರ ಮನೆಯ ಮಹಡಿ 1781ರಲ್ಲಿ ಸಂಗೀತ ಸಭಾಂಗಣವಾಯಿತು. ಆ ವಾದ್ಯವೃಂದದ ಹೆಸರು ಇವತ್ತಿಗೂ ಗೆವಾಂಡ್‌ಹೌಸ್, ಅಂದರೆ 'ಬಟ್ಟೆ ಮನೆ'. ಚೆನ್ನಾಗಿದೆ ಅಲ್ವಾ?

ವಿರೋಧ: ಒಕ್ಕಲು ಬರಲಿ, ಯಜಮಾನಿಕೆ ಹೋಗದಿರಲಿ

ವಾಖ್ ಕಥೆ ಸೊಗಸಾಗಿದೆ, ಒಪ್ಪಿದೆ. ಆದರೆ ಕೋಟೆ ಬಾಗಿಲು, ತಕ್ಕಡಿ, ಬೆಂಕಿ ಆರಿಸುವವರು, ಎಲ್ಲವೂ ಊರಿನದೇ ಕೆಲಸ. ಊಟದ ಬಿಲ್ಲು ಆ ಸಾಲಿಗೆ ಸೇರುವುದಿಲ್ಲ. ಕಾಸಿಲ್ಲದವನು ಅದರೊಳಗೆ ಯಾವ ನೆಪದಲ್ಲಿ ಕಾಲಿಡಬೇಕು?

ನನಗೆ ಜಾಸ್ತಿ ಕಾಡುವುದು ಲಂಡನ್ನಿನ ಕೌಂಟಿ ಹಾಲ್. ಥೇಮ್ಸ್ ದಡದ ಈ ಕಟ್ಟಡ 1922ರಿಂದ ಇಡೀ ಲಂಡನ್ನಿನ ಆಡಳಿತದ ಮನೆಯಾಗಿತ್ತು. ಎದುರು ದಡದಲ್ಲೇ ಪಾರ್ಲಿಮೆಂಟು. 1986ರಲ್ಲಿ ಕೇಂದ್ರ ಸರ್ಕಾರ ಆ ಆಡಳಿತ ಸಂಸ್ಥೆಯನ್ನೇ ರದ್ದು ಮಾಡಿತು. ಕಟ್ಟಡವನ್ನು ಜಪಾನಿನ ಕಂಪನಿಯೊಂದು ಕೊಂಡಿತು. ಈಗ ಅಲ್ಲಿ ಹೋಟೆಲ್ಲುಗಳಿವೆ, ಮೀನು ತೋರಿಸುವ ಅಕ್ವೇರಿಯಂ ಇದೆ. ಸದಸ್ಯರು ವಾದಿಸುತ್ತಿದ್ದ ಸಭಾಂಗಣದಲ್ಲಿ 2017ರಿಂದ ಕೋರ್ಟಿನ ನಾಟಕವೊಂದು ನಡೆಯುತ್ತಿದೆ. ವಾದ ಕೇಳಬೇಕಾದರೆ ಟಿಕೆಟ್ ಕೊಳ್ಳಿ! ಕಲ್ಲು, ಕಂಬ ಎಲ್ಲ ನೆಟ್ಟಗಿವೆ. ಲಂಡನ್ನಿಗೆ 2000ದಲ್ಲಿ ಮತ್ತೆ ಮೇಯರ್ ಬಂದಾಗ ಮಾತ್ರ ಬೇರೆ ಮನೆ ಹುಡುಕಬೇಕಾಯಿತು.

ರಿಪೇರಿಗೆ ದುಡ್ಡು ಬೇಕು, ಅದು ಸುಳ್ಳಲ್ಲ. ಯಾರ್ಕ್‌ನಲ್ಲಿ 1357ರಲ್ಲಿ ಕಟ್ಟಲು ಶುರುಮಾಡಿದ ವರ್ತಕರ ಭವನದಲ್ಲಿ ಇಂದು ಮದುವೆಗಳೂ ನಡೆಯುತ್ತವೆ. ಆದರೆ ಯಜಮಾನರು ಈಗಲೂ ಆ ವರ್ತಕರ ಸಂಘದವರೇ. ಬಾಡಿಗೆಗೆ ಕೊಟ್ಟದ್ದು ನಾಳೆ ಕೈಗೆ ಬರುತ್ತದೆ, ಮಾರಿದ್ದು ಬರುವುದಿಲ್ಲ.

ಇನ್ನು ಪೀಸ್ ಹಾಲ್. ಅದು ಇಂದಿಗೂ ಸ್ಥಳೀಯ ಆಡಳಿತದ ಆಸ್ತಿ, ನಡೆಸುತ್ತಿರುವುದು ಒಂದು ಟ್ರಸ್ಟ್. ಪರ ವಹಿಸಿದವರು ಈ ಮಾತನ್ನು ಯಾಕೋ ಬಿಟ್ಟರು.