ಗೆಳೆಯರ ಪೋಸ್ಟ್ ನಮಗೆ ಕಾಣಬೇಕೋ ಬೇಡವೋ, ತೀರ್ಮಾನ ಯಾರದು?

ಸೋಷಿಯಲ್ ಮೀಡಿಯಾ ಹಾಳಾಯ್ತು ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಜನ ಕೆಟ್ಟರು, ಜಗಳ ಜಾಸ್ತಿ ಆಯ್ತು, ಓದುವ ತಾಳ್ಮೆ ಹೋಯ್ತು ಅಂತ ಕಾರಣ ಕೊಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜನ ಅವರೇ. ಆರ್ಕುಟ್ ಅನ್ನುವ ಹಳೆಯ ಸೋಷಿಯಲ್ ತಾಣದಲ್ಲಿ ಕನ್ನಡ ಸಾಹಿತ್ಯ, ಸಿನಿಮಾ, ಊರಿನ ಕೆರೆಗಳ ಬಗ್ಗೆ ಗಂಟೆಗಟ್ಟಲೆ ಬರೆಯುತ್ತಿದ್ದವರು ಇವತ್ತು ಇಲ್ಲಿ, ಫೇಸ್‌ಬುಕ್‌ನಲ್ಲೂ ಇದ್ದಾರೆ. ಆದರೆ ಯಾರ ಮಾತನ್ನು ಯಾರು ನೋಡಬೇಕು ಅನ್ನುವ ತೀರ್ಮಾನ ನಮ್ಮ ಕೈ ತಪ್ಪಿ ಹೋಗಿದೆ. ಅದು ತಾನಾಗಿ ಆಗಲಿಲ್ಲ. ಒಂದೊಂದೇ ವ್ಯಾಪಾರ, ಒಂದೊಂದೇ ಹೊಸ ಸೌಲಭ್ಯ ಸೇರಿ ಆಯಿತು. ಆ ಕಥೆಯನ್ನು ಇಲ್ಲಿ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಆರ್ಕುಟ್ ನೆನಪಿದೆಯಲ್ಲ? ಗೂಗಲ್‌ನ ಎಂಜಿನಿಯರ್ ಆರ್ಕುಟ್ ಬುಯುಕ್ಕೊಕ್ಟೆನ್ 2004ರ ಜನವರಿಯಲ್ಲಿ ಶುರು ಮಾಡಿದ್ದು. ಮೊದಮೊದಲು ಒಳಗಿದ್ದವರು ಯಾರಾದರೂ ಕರೆದರೆ ಮಾತ್ರ ಪ್ರವೇಶ. ಬೆಂಗಳೂರಿನಲ್ಲಿ ಕಾಲೇಜು ಹುಡುಗರಿಂದ ಹಿಡಿದು ಸಾಫ್ಟ್‌ವೇರ್ ಕೆಲಸದವರ ತನಕ ಎಲ್ಲರಿಗೂ ಅದರದೇ ಗುಂಗು. ಜಯನಗರ, ಮಲ್ಲೇಶ್ವರದ ಸೈಬರ್ ಸೆಂಟರ್‌ಗಳಲ್ಲಿ ಯಾವ ಕಂಪ್ಯೂಟರ್ ನೋಡಿದರೂ ಆ ತಿಳಿನೀಲಿ ಪುಟವೇ ತೆರೆದಿರುತ್ತಿತ್ತು.

ಮೊದಲ ವರ್ಷಗಳಲ್ಲಿ ಅದರಲ್ಲಿ ಫೀಡ್, ಅಂದರೆ ಎಲ್ಲರ ಸಮಾಚಾರ ಒಂದೇ ಕಡೆ ಸಾಲಾಗಿ ಬರುವ ಪುಟ, ಇರಲಿಲ್ಲ. ಗೆಳೆಯನ ಸಮಾಚಾರ ಬೇಕೆಂದರೆ ಅವನ ಪುಟಕ್ಕೆ ಹೋಗಿ ಸ್ಕ್ರ್ಯಾಪ್ (ಸಣ್ಣ ಸಂದೇಶ) ಬರೆಯಬೇಕು. ಅವನು ಉತ್ತರ ಕೊಡಬೇಕೆಂದರೆ ನಮ್ಮ ಪುಟಕ್ಕೆ ಬರಬೇಕು. ಹಾಗಾಗಿ ಒಂದೇ ಮಾತುಕತೆಯ ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಬ್ಬರ ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದ ಹಾಗೆ. ನಮ್ಮ ಪುಟವನ್ನು ಯಾರು ಬಂದು ನೋಡಿ ಹೋದರು ಅಂತ ತೋರಿಸುವ ಸೌಲಭ್ಯವೂ ಆಮೇಲೆ ಬಂತು. ಕಮ್ಯುನಿಟಿಗಳಲ್ಲಿ, ಅಂದರೆ ಚರ್ಚೆಯ ಗುಂಪುಗಳಲ್ಲಿ, ಯಾವ ಚರ್ಚೆಗೆ ಕೊನೆಯ ಉತ್ತರ ಬಂತೋ ಅದು ಮೇಲೆ ಕಾಣುತ್ತಿತ್ತು. ಅಷ್ಟೇ ಲೆಕ್ಕ. ಒಳ್ಳೆಯ ಚರ್ಚೆ ಕೆಳಗೆ ಹೋಗುತ್ತಿದೆ ಅನ್ನಿಸಿದರೆ ಯಾರೋ ಒಬ್ಬರು ಎರಡು ಸಾಲು ಬರೆದು ಮೇಲೆ ತರುತ್ತಿದ್ದರು. ಕನ್ನಡದ ಅಕ್ಷರಗಳು ಎಷ್ಟೋ ಕಂಪ್ಯೂಟರ್‌ಗಳಲ್ಲಿ ಬರೀ ಡಬ್ಬಿಗಳಾಗಿ ಕಾಣುತ್ತಿದ್ದ ಕಾಲ ಅದು. ಆದರೂ ಜನ 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹಾಕಿಕೊಂಡು, ಒಬ್ಬರಿಗೊಬ್ಬರು ಹೇಳಿಕೊಟ್ಟು, ಕನ್ನಡದಲ್ಲೇ ಬರೆದರು. ಇದು ಸಣ್ಣ ಸಾಧನೆ ಅಲ್ಲ.

ಆರ್ಕುಟ್‌ಗಿಂತ ಮುಂಚೆ ಫ್ರೆಂಡ್‌ಸ್ಟರ್ ಇತ್ತು. 2003ರಲ್ಲಿ ಗೂಗಲ್ 3 ಕೋಟಿ ಡಾಲರ್ ಕೊಡುತ್ತೇನೆ ಅಂದಾಗ ಅದರ ಸ್ಥಾಪಕ ಜೊನಾಥನ್ ಅಬ್ರಾಮ್ಸ್ ಬೇಡ ಅಂದರು. ಆಮೇಲೆ ಜನ ಹೆಚ್ಚಾದಂತೆ ತಾಣ ವಿಪರೀತ ನಿಧಾನವಾಯಿತು. ಯಾರು ಯಾರಿಗೆ ಎಷ್ಟು ದೂರದ ಗೆಳೆಯರು ಅನ್ನುವ ಲೆಕ್ಕ ಹಾಕುವುದರಲ್ಲೇ ಸರ್ವರ್ ಸುಸ್ತಾಗುತ್ತಿತ್ತು. ಕಾದು ಕಾದು ಬೇಸತ್ತ ಅಮೆರಿಕದ ಜನ ಮೈಸ್ಪೇಸ್‌ಗೆ ಹೋದರು.

ಮೈಸ್ಪೇಸ್ ನಮ್ಮಲ್ಲಿ ಅಷ್ಟಾಗಿ ನಡೆಯಲಿಲ್ಲ, ಆದರೆ ಅದರ ವ್ಯಾಪಾರ ಗಮನಿಸಬೇಕಾದ್ದು. 2005ರಲ್ಲಿ ರೂಪರ್ಟ್ ಮರ್ಡೋಕ್‌ರ ನ್ಯೂಸ್ ಕಾರ್ಪ್ 58 ಕೋಟಿ ಡಾಲರ್ ಕೊಟ್ಟು ಅದರ ಒಡೆತನದ ಕಂಪನಿಯನ್ನು ಕೊಂಡಿತು. ಮರುವರ್ಷ ಗೂಗಲ್ ಜೊತೆ 90 ಕೋಟಿ ಡಾಲರ್‌ನ ಜಾಹೀರಾತು ಒಪ್ಪಂದ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಆ ದುಡ್ಡು ಕೈಗೆ ಬರಬೇಕಾದರೆ ಇಷ್ಟು ಜನ ಬರಲೇಬೇಕು ಅನ್ನುವ ಷರತ್ತು ಇತ್ತು. ಪುಟದ ತುಂಬ ಜಾಹೀರಾತು ತುಂಬಿತು. ಹಾಡು, ಬಣ್ಣ, ಹಿನ್ನೆಲೆ ಚಿತ್ರ ಅಂತ ತಮ್ಮ ಪುಟವನ್ನು ತಾವೇ ಸಿಂಗರಿಸಿಕೊಂಡಿದ್ದ ಜನ ಬೇಸರವಾಗಿ ಎದ್ದು ಹೋದರು. 2011ರಲ್ಲಿ ಅದೇ ಮೈಸ್ಪೇಸ್ ಮಾರಾಟವಾಗಿದ್ದು ಸುಮಾರು 3.5 ಕೋಟಿ ಡಾಲರ್‌ಗೆ. 2019ರಲ್ಲಿ ಇನ್ನೊಂದು ಸುದ್ದಿ ಬಂತು: 2015ರ ತನಕ ಜನ ಅಲ್ಲಿ ಹಾಕಿದ್ದ ಹಾಡುಗಳಲ್ಲಿ ಬಹುಪಾಲು ಸರ್ವರ್ ಬದಲಿಸುವಾಗ ಕಳೆದುಹೋಗಿದ್ದವು. ಎಷ್ಟು ಹುಡುಗರ ಮೊದಲ ಹಾಡುಗಳು ಅದರಲ್ಲಿದ್ದವೋ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಈಗ ಫೇಸ್‌ಬುಕ್‌ಗೆ ಬರೋಣ. ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ದಿನ 2006ರ ಸೆಪ್ಟೆಂಬರ್ 5. ಅವತ್ತು ನ್ಯೂಸ್ ಫೀಡ್ ಬಂತು. ಅಲ್ಲಿವರೆಗೆ ಫೇಸ್‌ಬುಕ್‌ನಲ್ಲೂ ಒಬ್ಬರ ಪುಟಕ್ಕೆ ಹೋಗಿ ನೋಡಬೇಕಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲರ ಸಮಾಚಾರ ಎಲ್ಲರ ಮುಂದೆ ಸುರಿದಿತ್ತು. ಜನ ಸಿಟ್ಟಿಗೆದ್ದರು. ವಿರೋಧದ ಒಂದೇ ಗುಂಪಿಗೆ ಕೆಲವೇ ದಿನದಲ್ಲಿ ಲಕ್ಷಗಟ್ಟಲೆ ಮಂದಿ ಸೇರಿದರು. ಆ ಗುಂಪಿನ ಸುದ್ದಿ ಅಷ್ಟು ಬೇಗ ಹಬ್ಬಿದ್ದು ಅದೇ ನ್ಯೂಸ್ ಫೀಡ್ ಮೂಲಕ! ಮಾರ್ಕ್ ಜುಕರ್‌ಬರ್ಗ್ ತಪ್ಪಾಯಿತು ಅಂತ ಬರೆದರು, ಯಾವುದು ಕಾಣಬೇಕು ಯಾವುದು ಬೇಡ ಅನ್ನುವ ಒಂದಷ್ಟು ಆಯ್ಕೆ ಕೊಟ್ಟರು. ಫೀಡ್ ಮಾತ್ರ ತೆಗೆಯಲಿಲ್ಲ. ಅದೇ ತಿಂಗಳ 26ಕ್ಕೆ ತಾಣದ ಬಾಗಿಲು ಎಲ್ಲರಿಗೂ ತೆರೆಯಿತು. ಅದೇ ವರ್ಷ ಯಾಹೂ ಸುಮಾರು 100 ಕೋಟಿ ಡಾಲರ್‌ಗೆ ಕೇಳಿದಾಗ ಮಾರಲಿಲ್ಲ. ಜನ ಎಷ್ಟೇ ಬೈದರೂ ಹೆಚ್ಚು ಹೊತ್ತು ಇಲ್ಲೇ ಕೂರುತ್ತಾರೆ ಅನ್ನುವುದು ಅವರಿಗೆ ಗೊತ್ತಾಗಿಹೋಗಿತ್ತು.

ಜನ ಅಲ್ಲಿ ಕಳೆಯುವ ಆ ಹೊತ್ತೇ ಮಾರುವ ಸರಕಾಯಿತು. 2007ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಬರೀ ಶೇ. 1.6ರಷ್ಟು ಪಾಲಿಗೆ 24 ಕೋಟಿ ಡಾಲರ್ ಕೊಟ್ಟಿತು. ಅಂದರೆ ಇಡೀ ಕಂಪನಿಗೆ 1,500 ಕೋಟಿ ಡಾಲರ್ ಬೆಲೆ ಕಟ್ಟಿದ ಹಾಗಾಯಿತು. ಅಷ್ಟು ಬೆಲೆಗೆ ತಕ್ಕ ಸಂಪಾದನೆ ಬೇಡವೇ? ಮರುತಿಂಗಳೇ ಬೀಕನ್ ಬಂತು. ಬೇರೆ ತಾಣದಲ್ಲಿ ಏನಾದರೂ ಕೊಂಡರೆ ಆ ಸುದ್ದಿ ಗೆಳೆಯರ ಫೀಡ್‌ಗೆ ಹೋಗುತ್ತಿತ್ತು. ಮತ್ತೆ ಗಲಾಟೆ, ಡಿಸೆಂಬರ್‌ನಲ್ಲಿ ಮತ್ತೆ ಕ್ಷಮೆ. ಕೋರ್ಟಿಗೆ ಹೋದ ಮೇಲೆ 2009ರಲ್ಲಿ ಮುಚ್ಚಿದರು.

2009ರ ಫೆಬ್ರವರಿಯಲ್ಲಿ ಬಂದ ಲೈಕ್ ಬಟನ್ ಬಗ್ಗೆ ನನಗೆ ಸಿಟ್ಟು ಜಾಸ್ತಿ. ಆರ್ಕುಟ್‌ನಲ್ಲಿ ಇಷ್ಟವಾಯಿತು ಅಂತ ಹೇಳಲು ಏನಾದರೂ ಬರೆಯಲೇಬೇಕಿತ್ತು. ಗೆಳೆಯರ ಬಗ್ಗೆ ಬರೆಯುವ ಮೆಚ್ಚುಗೆಯ ಮಾತು, ಟೆಸ್ಟಿಮೋನಿಯಲ್ ಅಂತೂ ಕೂತು ಯೋಚಿಸಿ ಬರೆಯುವಂಥದ್ದು. ಲೈಕ್ ಬಂದ ಮೇಲೆ ಮೆಚ್ಚುಗೆ ಬರೀ ಅಂಕಿ ಆಯಿತು, ಆ ಅಂಕಿ ಮುಂದೆ ಯಾವ ಪೋಸ್ಟ್ ಮೇಲೆ ಬರಬೇಕು ಅನ್ನುವ ಲೆಕ್ಕಕ್ಕೆ ಸೇರಿತು. ಅದೇ ವರ್ಷ ಫಾರ್ಮ್‌ವಿಲ್ ಅನ್ನುವ ಬೇಸಾಯದ ಆಟ ಬಂದು ಫೀಡ್ ತುಂಬ ಹಸು, ಕುಂಬಳಕಾಯಿ. ಅದನ್ನು ಮಾಡಿದ ಜಿಂಗಾ 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಚೇರಿ ತೆರೆಯಿತು. 2011ರಲ್ಲಿ ಫೇಸ್‌ಬುಕ್ ವರಮಾನದ ಶೇ. 12ರಷ್ಟು ಜಿಂಗಾದಿಂದಲೇ ಬಂದಿತ್ತು ಅಂತ ಷೇರು ಮಾರಾಟದ ಕಾಗದಪತ್ರದಲ್ಲಿ ಕಂಪನಿಯೇ ಹೇಳಿಕೊಂಡಿತು. ಗೆಳೆಯರ ಮಾತಿನ ಜಾಗಕ್ಕೆ ಕುಂಬಳಕಾಯಿ ಯಾಕೆ ಬಂತು ಅನ್ನುವುದಕ್ಕೆ ಬೇರೆ ಉತ್ತರ ಬೇಕಾ?

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ಆರ್ಕುಟ್‌ನಲ್ಲಿ ಬಹಳ ಕಾಲ ಯಾರ ಸ್ಕ್ರ್ಯಾಪ್ ಯಾರು ಬೇಕಾದರೂ ಓದಬಹುದಿತ್ತು. ಹೆಣ್ಣುಮಕ್ಕಳ ಫೋಟೋ ಕದ್ದು ನಕಲಿ ಪ್ರೊಫೈಲ್ ಮಾಡುವ ಕಾಟ ವಿಪರೀತ ಇತ್ತು. 2007ರಲ್ಲಿ ಆರ್ಕುಟ್‌ನಲ್ಲಿ ಶಿವಾಜಿಗೆ ಅವಮಾನ ಮಾಡಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಹಿಡಿದುಕೊಂಡು ಹೋದರು. ಯಾರ ಕನೆಕ್ಷನ್‌ನಿಂದ ಬಂದದ್ದು ಅಂತ ಇಂಟರ್‌ನೆಟ್ ಕಂಪನಿ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಏನೂ ಮಾಡದ ಮನುಷ್ಯ 50 ದಿನ ಜೈಲಿನಲ್ಲಿದ್ದರು. ಇದನ್ನು ಮರೆತು ಆರ್ಕುಟ್ ಕಾಲವನ್ನು ಹೊಗಳುವುದು ಸರಿಯಲ್ಲ.

2007ರ ನವೆಂಬರ್‌ನಲ್ಲಿ ಗೂಗಲ್ ಓಪನ್‌ಸೋಷಿಯಲ್ ಅನ್ನುವುದನ್ನು ತಂದಿತು. ಒಮ್ಮೆ ಬರೆದ ಆ್ಯಪ್ ಆರ್ಕುಟ್, ಮೈಸ್ಪೇಸ್, ಹೈ5 ಎಲ್ಲದರಲ್ಲೂ ನಡೆಯಲಿ ಅನ್ನುವುದು ಉದ್ದೇಶ. ಆಟ ಒಂದು ತಾಣದಿಂದ ಇನ್ನೊಂದಕ್ಕೆ ಹೋಗಬಹುದಿತ್ತು. ಆದರೆ ನಾವು ನಮ್ಮ ಗೆಳೆಯರನ್ನು, ಬರಹವನ್ನು, ಕಮ್ಯುನಿಟಿಯನ್ನು ಎತ್ತಿಕೊಂಡು ಹೋಗುವ ಹಾಗಿರಲಿಲ್ಲ. ಅವತ್ತು ಆ ಹಕ್ಕು ಕೇಳಬೇಕಿತ್ತು. ಮೊಬೈಲ್ ನಂಬರ್ ಅನ್ನು ಬೇರೆ ಕಂಪನಿಗೆ ಒಯ್ಯುವ ಹಕ್ಕು ಕಾನೂನಿನಲ್ಲಿ ಇರುವಾಗ ಇದಕ್ಕೆ ಯಾಕೆ ಬೇಡ?

2010ರ ಹೊತ್ತಿಗೆ ಭಾರತದಲ್ಲೂ ಫೇಸ್‌ಬುಕ್ ಮುಂದೆ ಹೋಯಿತು. 2014ರ ಜನವರಿಯಲ್ಲಿ ಅದು ನಮ್ಮ ದೇಶದಲ್ಲಿ ಮೊದಲ ಬಾರಿಗೆ ಕೊಂಡ ಕಂಪನಿ ಬೆಂಗಳೂರಿನ ಲಿಟಲ್ ಐ ಲ್ಯಾಬ್ಸ್. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಮೂರು ತಿಂಗಳು ಮೊದಲೇ ತಿಳಿಸಿದ್ದರು, ಫೋಟೋ, ಸ್ಕ್ರ್ಯಾಪ್ ಇಳಿಸಿಕೊಳ್ಳಲು ಎರಡು ವರ್ಷ ಅವಕಾಶ ಕೊಟ್ಟಿದ್ದರು. ಸಾರ್ವಜನಿಕ ಕಮ್ಯುನಿಟಿಗಳನ್ನು ಓದಲು ಸಿಗುವ ಹಾಗೆ 2017ರ ತನಕ ಇಟ್ಟಿದ್ದರು. ಆಮೇಲೆ ಅದೂ ಹೋಯಿತು. ನೂರಾರು ಜನ ಸೇರಿ ಬರೆದ ಕನ್ನಡ ಚರ್ಚೆಗಳು ನನಗೆ ಗೊತ್ತಿರುವ ಯಾವ ಲೈಬ್ರರಿಯಲ್ಲೂ ಇಲ್ಲ. ಇಂಟರ್‌ನೆಟ್‌ನಲ್ಲಿ ಕನ್ನಡ ಹೇಗೆ ಬೆಳೆಯಿತು ಅಂತ ನಾಳೆ ಯಾರಾದರೂ ಬರೆಯಲು ಹೊರಟರೆ ಆ ಜಾಗ ಖಾಲಿ.

ಈಗ ಏನು ಮಾಡಬಹುದು? ಫೇಸ್‌ಬುಕ್ 2022ರಲ್ಲಿ ಫೀಡ್ಸ್ ಅನ್ನುವ ಟ್ಯಾಬ್ ಕೊಟ್ಟಿದೆ. ಅದರಲ್ಲಿ ಗೆಳೆಯರು, ಗ್ರೂಪ್, ಪೇಜ್‌ಗಳ ಹೊಸ ಪೋಸ್ಟ್‌ಗಳು ಬಂದ ಹೊತ್ತಿನ ಪ್ರಕಾರ ಸಿಗುತ್ತವೆ. ಮೆನುವಿನಲ್ಲಿ ಹುಡುಕಬೇಕು, ಆದರೆ ಇದೆ. ದಯವಿಟ್ಟು ಬಳಸಿ. ಬೆಂಗಳೂರಿನಲ್ಲಿ ಪುಸ್ತಕ ಬಿಡುಗಡೆ, ನಾಟಕ, ಸಂಗೀತ ಕಾರ್ಯಕ್ರಮ ಮಾಡುವವರು ಸುದ್ದಿಯನ್ನು ಇಲ್ಲಿ ಮಾತ್ರ ಹಾಕಿ ಸುಮ್ಮನಾಗಬೇಡಿ. ಬರುವವರ ಈಮೇಲ್ ಪಟ್ಟಿ ಇಟ್ಟುಕೊಳ್ಳಿ. ನಿಮ್ಮ ಒಳ್ಳೆಯ ಬರಹಗಳನ್ನು ನಿಮ್ಮದೇ ಬ್ಲಾಗ್‌ನಲ್ಲಿ ಇಡಿ, ಲಿಂಕ್ ಬೇಕಾದರೆ ಇಲ್ಲಿ ಕೊಡಿ.

ಇನ್ನೊಂದು ವಿನಂತಿ. ಆರ್ಕುಟ್‌ನ ಕನ್ನಡ ಕಮ್ಯುನಿಟಿಗಳ ಚರ್ಚೆಯನ್ನು ಯಾರಾದರೂ ಅವತ್ತು ಸೇವ್ ಮಾಡಿಕೊಂಡಿದ್ದರೆ, ಹಳೆಯ ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಅದು ಉಳಿದಿದ್ದರೆ, ಕಾಮೆಂಟಿನಲ್ಲಿ ತಿಳಿಸಿ. ಅದನ್ನು ಬರೆದವರಲ್ಲಿ ಸಿಕ್ಕವರನ್ನು ಕೇಳಿ, ಒಪ್ಪಿದವರದ್ದನ್ನು ಒಂದು ಕಡೆ ಸೇರಿಸೋಣ. ಟೈಪಿಂಗ್, ತಿದ್ದುವ ಕೆಲಸ ನಾನು ಮಾಡುತ್ತೇನೆ.